ಪಂಪ್‌ಹೌಸಿನ ಮೂಲೆಗೆ ಗುರಿಯಿಟ್ಟು

ಮೇಸ್ತ್ರಿಗಳ ಕಣ್ಣಿಗೆ ಬಿದ್ದ ಸೊಟ್ಟ ಅವರ ಬಾಯಿಗೆ ಬಾರದೆ ಉಳಿದದ್ದೇ ಇಲ್ಲ. ಮೂವತ್ತೆಂಟು ವರ್ಷ ಇಟ್ಟಿಗೆ ಕಟ್ಟಿದ ಮನುಷ್ಯ. ದಾರದ ತೂಗುಗುಂಡು ಇಳಿಬಿಡುವ ಮೊದಲೇ ಗೋಡೆ ಎಷ್ಟು ವಾಲಿದೆ ಎಂದು ಹೇಳಬಲ್ಲವರು. ಗೋಡೆಗೇ ನಿಲ್ಲಿಸಿದ್ದರೆ ಯಾರ ತಕರಾರೂ ಇರಲಿಲ್ಲ. ಬ್ಯಾಂಕಿಗೆ ಹೋದರೆ ಅಲ್ಲಿಯ ಕ್ಯಾಲೆಂಡರ್ ನೆಟ್ಟಗೆ ಮಾಡುವರು, ಕ್ಷೌರದಂಗಡಿಗೆ ಹೋದರೆ ಕನ್ನಡಿ. ಮಗಳ ಬೈತಲೆ ಸೊಟ್ಟ, ಹೆಂಡತಿ ಮಡಿಸಿಟ್ಟ ಚಾದರ ಸೊಟ್ಟ. ಪಕ್ಕದ ಮನೆಯವರು ಹೊಸ ಅಡುಗೆಮನೆ ತೋರಿಸಲು ಚಹಾಕ್ಕೆ ಕರೆದ ದಿನವಂತೂ ಕಪ್ಪು ಕೈಗೆ ಬರುವ ಮೊದಲೇ, "ಕಪಾಟು ಎಡಕ್ಕೆ ಅರ್ಧ ಇಂಚು ಇಳಿದಿದೆಯಲ್ಲ" ಎಂದುಬಿಟ್ಟರು. ಆ ಮನೆಯಾಕೆ ಕಣ್ಣೀರು ಹಾಕಿಕೊಂಡು ಒಳಗೆ ಹೋದವರು ಹೊರಗೆ ಬರಲಿಲ್ಲ.

ಮನೆಗೆ ಬಂದ ಮೇಲೆ ಮೇಸ್ತ್ರಿಗಳ ಹೆಂಡತಿ ಚಪ್ಪಲಿ ಬಿಡುವಷ್ಟೂ ತಡೆಯಲಿಲ್ಲ.

"ರೀ, ಭಾನುವಾರ ಕೆರೆ ದಾಟ್ತೀನಿ ಅಂತ ಕುಣೀತಿದ್ದೀರಲ್ಲ, ನೇರ ದಾಟಿ ತೋರಿಸಿ. ದಾಟಿದ್ರೆ ಯಾರ ಮನೇಲಿ ಏನು ಬೇಕಾದ್ರೂ ಹೇಳಿ, ನಾನು ಕೇಳಲ್ಲ. ಸೊಟ್ಟಗೆ ಹೋದ್ರೆ ಮಾತ್ರ ಅವತ್ತಿಂದ ಆ ಮಾತು ನಿಮ್ಮ ಬಾಯಲ್ಲಿ ಬರಕೂಡದು."

"ಯಾವ ಮಾತು?"

"ಸೊಟ್ಟ ಅನ್ನೋ ಮಾತು."

ಮೇಸ್ತ್ರಿಗಳು ನಕ್ಕರು. ನಗು ಮುಗಿದ ಮೇಲೆ ಯೋಚಿಸಿದರು. ಆ ಒಂದು ಮಾತು ಹೋದರೆ ಉಳಿದ ಆಯುಷ್ಯದಲ್ಲಿ ಆಡಲು ಅವರ ಬಳಿ ಬೇರೆ ಮಾತೇ ಇರಲಿಲ್ಲ.

ಈಜು ಅವರ ಕೊರಳಿಗೆ ಬಿದ್ದದ್ದು ಮೊಣಕಾಲಿನ ದೆಸೆಯಿಂದ. ಕುಕ್ಕರುಗಾಲಿನಲ್ಲಿ ಕೂತು ಕೂತು ಸವೆದ ಮೊಣಕಾಲಿಗೆ ನೀರೇ ಮದ್ದು ಎಂದು ಡಾಕ್ಟರು ಹೇಳಿದ್ದರು. ಮಗಳು ಕೆರೆಯಲ್ಲಿ ಈಜು ಕಲಿಸುವವಳು. ಅವಳ ಕಾನೂನು ಎಲ್ಲರಿಗೂ ಒಂದೇ: ಮೆಟ್ಟಿಲಿನಿಂದ ಎದುರುದಡದ ಪಂಪ್‌ಹೌಸಿಗೆ ನೇರ ಈಜುವ ತನಕ ದಡದ ಬಳಿ ಕಟ್ಟಿದ ಹಗ್ಗದೊಳಗೇ ಇರಬೇಕು. ಹಾಗಾಗಿ ಮೇಸ್ತ್ರಿಗಳು ನಾಲ್ಕು ತಿಂಗಳಿಂದ ಸೊಂಟಕ್ಕೆ ಟ್ಯೂಬು ಕಟ್ಟಿಕೊಂಡ ಪುಟಾಣಿಗಳ ನಡುವೆ ಕೈಕಾಲು ಬಡಿಯುತ್ತಿದ್ದರು.

ಈಜು ಬಂತು, ನೇರ ಬರಲಿಲ್ಲ. ಹಗ್ಗದಾಚೆ ಪರೀಕ್ಷೆಗೆ ಬಿಟ್ಟಾಗಲೆಲ್ಲ ಎಡಕ್ಕೆ, ಎಡಕ್ಕೆ ಹೋಗಿ ಜೊಂಡುಹುಲ್ಲಿನಲ್ಲಿ ಸಿಕ್ಕಿಕೊಳ್ಳುವರು. ಒಮ್ಮೆ ಗಾಳಿಯನ್ನು ಬೈದರು, ಒಮ್ಮೆ ಚಡ್ಡಿಯ ಎಲಾಸ್ಟಿಕ್ಕನ್ನು. ಮೂರನೆಯ ಸಲ ತಲೆಯ ಮೇಲೆ ಹುಲ್ಲು ಹೊತ್ತುಕೊಂಡೇ ಎದ್ದು, "ಈ ಕೆರೇನೇ ಸರಿಯಿಲ್ಲ" ಎಂದರು.

"ಕರಣೆ ಹಿಡಿದ ಬಲಗೈ ಜೋರು, ಎಡಗೈ ಸೋಮಾರಿ" ಎಂದಳು ಮಗಳು. ಎಡಗೈಗೆ ಮೈಮುರಿಯುವ ಕೆಲಸ ಕೊಟ್ಟಳು. ಎರಡೂ ಕೈ ಸಮವಾದವು. ಮೇಸ್ತ್ರಿಗಳು ಮತ್ತೆ ಜೊಂಡಿಗೇ ಹೋದರು.

ಭಾನುವಾರ ಬೆಳಿಗ್ಗೆ ಹೆಂಡತಿ ಮೆಟ್ಟಿಲ ಮೇಲೆ ಟವೆಲ್ ಹಿಡಿದು ಕೂತರು. ಮಗಳು ದೋಣಿಯಲ್ಲಿ ಪಕ್ಕಕ್ಕೇ ಬಂದಳು. ಮೇಸ್ತ್ರಿಗಳು ಹತ್ತು ಸಲ ಕೈ ಬೀಸುವರು, ತಲೆ ಎತ್ತಿ ಗುರಿ ನೋಡುವರು, ಮತ್ತೆ ಹತ್ತು. ಐವತ್ತು ಮೀಟರು ದಾಟುವಷ್ಟರಲ್ಲಿ ಮೂತಿ ಜೊಂಡಿನ ಕಡೆ ತಿರುಗಿತ್ತು.

"ಅಪ್ಪಾ, ನಿಲ್ಲು. ತಲೆ ಎತ್ತಿದಾಗಲೆಲ್ಲ ಕತ್ತು ಎಡಕ್ಕೆ ವಾಲಿಸ್ತೀಯ, ಯಾಕೆ?"

"ನಾನ್ಯಾಕೆ ವಾಲಿಸ್ಲಿ?"

"ತಲೆ ಹೋದ ಕಡೆ ಮೈ ಹೋಗತ್ತೆ. ಏನು ನೋಡ್ಕೊಂಡು ಈಜ್ತಿದ್ದೀಯ?"

"ಪಂಪ್‌ಹೌಸಿನ ಮೂಲೆ. ಅದಕ್ಕಿಂತ ನೇರವಾದದ್ದು ಈ ಕೆರೆ ಸುತ್ತ ಏನಿದೆ? ನಾನೇ ಕಟ್ಟಿದ್ದು, ನನ್ನ ಮೊದಲನೇ ಗುತ್ತಿಗೆ."

ಮಗಳು ದೋಣಿಯಿಂದ ಬಾಗಿದಳು. ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿ, "ಈಗ ನೋಡು" ಎಂದಳು.

ಮೇಸ್ತ್ರಿಗಳು ದೋಣಿಯ ಅಂಚು ಹಿಡಿದು, ಗಲ್ಲವನ್ನು ನೀರಿಗೆ ತಾಗಿಸಿ ನೋಡಿದರು. ಕೆಳಗೆ ದಡದಿಂದ ದಡಕ್ಕೆ ಮಟ್ಟಸವಾಗಿ ನೀರು. ಮಟ್ಟ ನೋಡಲು ಅದಕ್ಕಿಂತ ದೊಡ್ಡ ರಸಮಟ್ಟ ಜಗತ್ತಿನಲ್ಲಿಲ್ಲ. ಅದರ ಮೇಲೆ ಅವರ ಪಂಪ್‌ಹೌಸು. ಮೂಲೆ ಎಡಕ್ಕೆ ವಾಲಿತ್ತು. ನಾಲ್ಕು ಬೆರಳು, ಐದೂ ಇರಬಹುದು. ದಡದ ಮೇಲೆ ನಿಂತು ನೂರಾರು ಸಲ ನೋಡಿದ್ದ ಗೋಡೆ. ಅದು ನೆಟ್ಟಗೆ ಕಾಣಲೆಂದು ಅವರ ಕತ್ತು ತನ್ನಷ್ಟಕ್ಕೆ ಬಾಗುತ್ತಿತ್ತು, ಯಜಮಾನನಿಗೆ ಒಂದು ಮಾತೂ ಹೇಳದೆ. ಮೇಸ್ತ್ರಿಗಳಿಗೆ ನಾಚಿಕೆಯಾಯಿತು. ಎಲ್ಲರೆದುರು ಬಟ್ಟೆ ಕಳಚಿಬಿದ್ದಂಥ ನಾಚಿಕೆ.

"ಬೇಕಾದ್ರೆ ಅದರ ಪಕ್ಕದ ಮರ ನೋಡ್ಕೊಂಡು ಈಜಪ್ಪ" ಎಂದಳು ಮಗಳು ಮೆಲ್ಲಗೆ.

"ಬೇಡ" ಎಂದರು ಮೇಸ್ತ್ರಿಗಳು. ಮೆಟ್ಟಿಲಿಗೆ ವಾಪಸು ಬಂದು ಮೊದಲಿನಿಂದ ಶುರುಮಾಡಿದರು.

ಹತ್ತು ಕೈ ಬೀಸಿ ತಲೆ ಎತ್ತಿದರು. ಗೋಡೆ ವಾಲಿಕೊಂಡೇ ಇತ್ತು. ಕತ್ತು ತುಡಿಯಿತು, ಹಲ್ಲು ಕಚ್ಚಿ ಹಿಡಿದರು. ಮತ್ತೆ ಹತ್ತು. ಹತ್ತಿರವಾದಷ್ಟೂ ಗೋಡೆಯ ವಾಲು ದೊಡ್ಡದಾಗಿ ಕಂಡಿತು. ಬೇರೆ ಯಾರಾದರೂ ಕಟ್ಟಿದ್ದರೆ ಇಷ್ಟು ಹೊತ್ತಿಗೆ ಅವನ ವಂಶವನ್ನೇ ಜಾಲಾಡಿರುತ್ತಿದ್ದರು. ಕೊನೆಗೆ ಅಂಗೈ ಒದ್ದೆ ಇಟ್ಟಿಗೆಗೆ ತಾಗಿತು. ಹಿಂದಿರುಗಿ ನೋಡಿದರೆ ಮೆಟ್ಟಿಲು ದಾರ ಎಳೆದಂತೆ ಸರಿಯಾಗಿ ಎದುರಿಗಿತ್ತು.

ಮಗಳು ಅವರನ್ನು ದೋಣಿಯಲ್ಲಿ ವಾಪಸು ಕರೆತಂದಳು. ಹೆಂಡತಿ ಟವೆಲ್ ಕೊಟ್ಟು ಸೋಲೊಪ್ಪಿಕೊಂಡರು.

"ಆಯ್ತು ಮಾರಾಯ್ರೇ, ಗೆದ್ರಿ. ನೇರವಾಗೇ ಹೋದ್ರಿ. ಇನ್ನು ಯಾರ ಮನೆ ಹಾಳುಮಾಡ್ತೀರೋ ಮಾಡಿ."

ಮೇಸ್ತ್ರಿಗಳು ತಲೆ ಒರೆಸಿಕೊಳ್ಳಲಿಲ್ಲ. ನೀರು ಮೂಗಿನಿಂದ ತೊಟ್ಟಿಕ್ಕುತ್ತಿತ್ತು.

"ನನ್ನ ಗೋಡೆ ಸೊಟ್ಟ ಇದೆ ಕಣೇ."

"ಗೊತ್ತು."

"ಯಾವತ್ತಿಂದ?"

"ಕಟ್ಟುವಾಗ ನಾನು ಊಟ ತರ್ತಿದ್ನಲ್ಲ, ಅವತ್ತಿಂದ."

"ಮತ್ತೆ ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

ಹೆಂಡತಿ ಅವರ ಕೈಯಿಂದ ಟವೆಲ್ ಕಿತ್ತುಕೊಂಡು ತಾವೇ ತಲೆ ಒರೆಸತೊಡಗಿದರು.

"ನಿಂತಿತ್ತಲ್ಲ, ಅದಕ್ಕೆ" ಎಂದರು.