ಏಳು ಗಂಟೆಯ ಕಾವು

ನಮ್ಮ ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಒಲೆಯಕ್ಕ ಎನ್ನುತ್ತಿದ್ದರು. ಅಡುಗೆಯ ಒಲೆಯಲ್ಲ, ಗಾಜಿನ ಎಳೆಗಳನ್ನು ಕಾಯಿಸುವ ಒಲೆ. ಕೂದಲಿನಷ್ಟು ತೆಳ್ಳಗಿನ ಎಳೆಯೊಳಗೆ ಲೇಸರ್‌ನಿಂದ ಕಣ್ಣಿಗೆ ಕಾಣದ ಸಾವಿರಾರು ಗೆರೆ ಮೂಡಿಸುತ್ತೇವೆ. ಬೆಳಕು ಬಿಟ್ಟರೆ ಆ ಗೆರೆಗಳು ಒಂದೇ ಒಂದು ಬಣ್ಣವನ್ನು ಸೋಸಿ ಹಿಂದಕ್ಕೆ ಕಳಿಸುತ್ತವೆ. ಎಳೆಯನ್ನು ಸೇತುವೆಗೆ ಅಂಟಿಸಿಟ್ಟರೆ, ಸೇತುವೆ ಒಂದಿಷ್ಟು ಹಿಗ್ಗಿದರೂ ಕುಗ್ಗಿದರೂ ಆ ಬಣ್ಣ ಸರಿದು ಸುಳಿವು ಕೊಡುತ್ತದೆ. ಆದರೆ ಹೊಸ ಗೆರೆಗಳು ಹನ್ನೆರಡು ಗಂಟೆ ಕಾವಿನಲ್ಲಿದ್ದು ನೆಲೆಯಾಗಬೇಕು. ಇಲ್ಲದಿದ್ದರೆ ಸೇತುವೆ ಅಲುಗದಿದ್ದರೂ ಬಣ್ಣ ತಾನಾಗಿ ಜಾರುತ್ತದೆ.

ಒಂದು ದಿನ ಅವಳ ಮಗಳಿಗೆ ಜ್ವರವೆಂದು ಶಾಲೆಯಿಂದ ಫೋನ್ ಬಂತು. ಉರಿಯುವ ಒಲೆ ಬಿಟ್ಟು ಹೋಗುವಂತಿಲ್ಲ, ಸಂಜೆಗೆ ಎಳೆಗಳನ್ನು ಕಳಿಸಲೇಬೇಕು. ಕಾವು ಕೊಟ್ಟು ಏಳೇ ಗಂಟೆಯಾಗಿತ್ತು; ಅವಳು ಒಲೆ ಆರಿಸಿ, ಪುಸ್ತಕದಲ್ಲಿ 'ಹನ್ನೆರಡು' ಎಂದು ಬರೆದು ಓಡಿದಳು.

ಆ ಎಳೆಗಳನ್ನು ಸೇತುವೆಗೆ ಅಂಟಿಸಿದವರು ಅವಳ ಭಾವ, ಗಂಡನ ಅಣ್ಣ. ಇಪ್ಪತ್ತು ವರ್ಷ ಪಳಗಿದ ಕೈ. ತಿಂಗಳೊಳಗೆ ಅಳತೆಗಳು ಜಾರತೊಡಗಿದವು. ಎರಡು ದಿನ ಓಡಾಟ ನಿಲ್ಲಿಸಿ ತಪಾಸಣೆ ಮಾಡಿದರು. ಸೇತುವೆ ಗುಂಡುಕಲ್ಲಿನಂತಿತ್ತು. "ಅಂಟು ಹಿಡಿದಿಲ್ಲ" ಎಂದು ತೀರ್ಮಾನವಾಯಿತು. ಭಾವನನ್ನು ಪೆಟ್ಟಿಗೆ ಕಟ್ಟುವ ಕೋಣೆಗೆ ಹಾಕಿದರು.

ಎರಡೂ ಸಂಸಾರ ಒಂದೇ ಮನೆಯಲ್ಲಿ. ಊಟಕ್ಕೆ ಕೂತಾಗ ಭಾವ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತಿದ್ದರು. "ವಯಸ್ಸಾಯ್ತು ಕಣಮ್ಮ. ಈಗ ಅಂಟೂ ನನ್ನ ಮಾತು ಕೇಳಲ್ಲ, ನಿಮ್ಮಕ್ಕನ ಹಾಗೆ" ಎಂದು ಹೆಂಡತಿಯತ್ತ ಕಣ್ಣು ಹಾಯಿಸಿದರು. ಎಲ್ಲರೂ ನಕ್ಕರು. ಒಲೆಯಕ್ಕ ನೀರು ತರುವ ನೆಪದಲ್ಲಿ ಎದ್ದು ಒಳಗೆ ಹೋದಳು. ಹೇಳಿದರೆ ಕೆಲಸ ಹೋದೀತೆಂಬ ಭಯ. ಮೂರು ವಾರ ಬಾಯಿಗೆ ಬೀಗ ಹಾಕಿಕೊಂಡಳು.

ಒಂದು ಭಾನುವಾರ ಮಗಳು ಕಿತ್ತುಹೋದ ಚಪ್ಪಲಿ ತಂದು, "ದೊಡ್ಡಪ್ಪ, ಅಂಟಿಸಿಕೊಡಿ" ಎಂದಳು. ಭಾವ ಕೈ ಹಿಂದಕ್ಕೆಳೆದುಕೊಂಡು, "ಬೇಡ ಪುಟ್ಟಿ, ಅಂಗಡೀಲಿ ಮಾಡಿಸ್ಕೋ" ಎಂದರು.

ಒಲೆಯಕ್ಕನಿಗೆ ತಡೆಯಲಾಗಲಿಲ್ಲ. "ಭಾವ, ತಪ್ಪು ನಿಮ್ಮ ಅಂಟಿಂದಲ್ಲ. ಇವಳಿಗೆ ಜ್ವರ ಬಂದ ದಿನ ಆ ಎಳೆಗಳನ್ನ ನಾನು ಒಲೆಯಿಂದ ಮುಂಚೇನೇ ತೆಗೆದುಬಿಟ್ಟೆ. ಪುಸ್ತಕದಲ್ಲಿ ಸುಳ್ಳು ಬರೆದೆ."

ಭಾವ ಅವಳತ್ತ ತಿರುಗಿದರು. "ಮಗೂಗೆ ಜ್ವರ ಅಂತ ಓಡಿದ್ದು ತಪ್ಪಲ್ಲಮ್ಮ. ಮಾರನೇ ದಿನ ಹೇಳಬಹುದಿತ್ತಲ್ಲ? ನನ್ನ ಕೈ ಮೇಲೆ ನನಗೇ ನಂಬಿಕೆ ಹೋಯ್ತು."

ಸೋಮವಾರ ಅವಳೇ ಮೇಲ್ವಿಚಾರಕರಿಗೆ ಎಲ್ಲ ಹೇಳಿದಳು. ಭಾವ ಸೇತುವೆಗೆ ಮರಳಿದರು, ಅವಳು ಪೆಟ್ಟಿಗೆ ಕೋಣೆಗೆ ಬಂದಳು. ಮನೆಯಲ್ಲಿ ಯಾರೂ ಆ ಮಾತು ಎತ್ತುವುದಿಲ್ಲ. ಆದರೆ ಭಾವ ಈಗ ಪ್ರತಿ ಎಳೆ ಅಂಟಿಸಿದ ಮೇಲೂ ಪಕ್ಕದವನನ್ನು ಕರೆದು, "ಸ್ವಲ್ಪ ನೋಡಪ್ಪ, ಹಿಡಿದಿದೆಯಾ?" ಎಂದು ಕೇಳುತ್ತಾರೆ. ಹಿಂದೆಂದೂ ಹಾಗೆ ಕೇಳಿದವರಲ್ಲ. ನಾನು ಇದನ್ನು ಹೇಳಿದಾಗ ಅವಳು ಪೆಟ್ಟಿಗೆಗೆ ಪಟ್ಟಿ ಬಿಗಿಯುತ್ತಿದ್ದಳು. ಬಿಗಿದದ್ದನ್ನು ಬಿಚ್ಚಿ ಮತ್ತೆ ಬಿಗಿದಳು.