ಹೆರದವರಿಗೂ ಒಂದು ಬಾಣಂತನ

ಬೆಳಗಿನ ಐದೂವರೆ. ಬೀದಿಯಲ್ಲಿ ಹಾಲಿನ ಗಾಡಿಯ ಸದ್ದು ಬಿಟ್ಟರೆ ಬೇರೇನಿಲ್ಲ. ಟೈಲರಮ್ಮ ಮುಂದಿನ ಕೋಣೆಯ ಬಾಗಿಲನ್ನು ಒಂದು ಗೇಣಷ್ಟೇ ತೆರೆದು, ಮೈಯನ್ನು ಓರೆ ಮಾಡಿಕೊಂಡು ಒಳಗೆ ತೂರಿ, ಬಾಗಿಲು ಮುಚ್ಚಿ ಅಲ್ಲೇ ಮಂಡಿಯೂರುತ್ತಾರೆ. ದೀಪ ಹಾಕುವುದಿಲ್ಲ. ಪರದೆಯನ್ನು ನಾಲ್ಕು ಬೆರಳು ಸರಿಸಿ, ಆ ಬೆಳಕಿನಲ್ಲೇ ಅಂಬೆಗಾಲಿಡುತ್ತ ಮೂಲೆಯ ರಟ್ಟಿನ ಪೆಟ್ಟಿಗೆಯ ಹತ್ತಿರ ಹೋಗುತ್ತಾರೆ. ಐವತ್ತನಾಲ್ಕು ವರ್ಷದ ಹೆಂಗಸು ಹೀಗೆ ನೆಲದ ಮೇಲೆ ಹರಿದಾಡುವುದನ್ನು ಹೊಸಬರು ಕಂಡರೆ ಸೂಜಿಯೋ ಗುಂಡಿಯೋ ಕಳೆದುಕೊಂಡು ಹುಡುಕುತ್ತಿದ್ದಾರೆ ಅಂದುಕೊಂಡಾರು.

ಪೆಟ್ಟಿಗೆಯೊಳಗೆ ನಾಲ್ಕೂವರೆ ತಿಂಗಳ ಹೆಣ್ಣು ಬೆಕ್ಕಿನ ಮರಿ. ಮೈಯೆಲ್ಲ ಬಿಳಿ. ಮೂಗಿನ ಕೆಳಗೆ ಮಾತ್ರ ಯಾರೋ ಮಸಿಬೆರಳಿನಿಂದ ತೀಡಿದಂಥ ಕಪ್ಪು ಗುರುತು. ಹಾಗಾಗಿ ಹೆಸರು ಮೀಸೆ. ಎರಡು ಬೀದಿಯಾಚೆ ಸೆಲೂನ್ ಇಟ್ಟುಕೊಂಡಿರುವವನ ಮುದ್ದಿನ ಬೆಕ್ಕು. ನಿನ್ನೆ ಮಧ್ಯಾಹ್ನ ಪ್ರಾಣಿಗಳ ಆಸ್ಪತ್ರೆಯಲ್ಲಿ ಅದಕ್ಕೆ ಮರಿಯಾಗದ ಆಪರೇಷನ್ ಆಗಿದೆ. ಹೊಟ್ಟೆಯ ಮೇಲೆ ಎರಡು ಬೆರಳಗಲದ ಗಾಯ, ಅದರ ಮೇಲೆ ನಾಲ್ಕು ಹೊಲಿಗೆ, ಹೊಲಿಗೆಯನ್ನು ನೆಕ್ಕದಿರಲೆಂದು ಟೈಲರಮ್ಮನೇ ಹೊಲಿದ ಪುಟ್ಟ ಅಂಗಿ.

ಟೈಲರಮ್ಮ ಮೊದಲು ಮುಟ್ಟದೆ ನೋಡುತ್ತಾರೆ. ಉಸಿರು ಒಂದೇ ಸಮ ಇದೆಯೇ ಎಂದು. ಆಮೇಲೆ ಕಿವಿ ಮುಟ್ಟುತ್ತಾರೆ, ಬೆಚ್ಚಗಿದೆ. ತುಟಿ ಸರಿಸಿ ವಸಡು ನೋಡುತ್ತಾರೆ, ಗುಲಾಬಿ ಬಣ್ಣಕ್ಕಿದೆ. ಅಂಗಿಯ ದಾರ ಬಿಚ್ಚಿ ಗಾಯ ನೋಡುತ್ತಾರೆ. ಬಾವಿಲ್ಲ, ಕೀವಿಲ್ಲ. ಹರಿದ ಪೇಪರಿನ ತಟ್ಟೆಯಲ್ಲಿ ಉಚ್ಚೆಯ ಗುರುತೂ ಇದೆ. ಕೊನೆಗೆ ಊಟದ ಬಟ್ಟಲಿಗೆ ಕಣ್ಣು ಹಾಯಿಸುತ್ತಾರೆ. ರಾತ್ರಿ ಇಟ್ಟಿದ್ದು ಇಟ್ಟ ಹಾಗೇ ಇದೆ.

“ಎಲ್ಲಾ ಸರಿ ಇದೆ, ತಿಂದಿಲ್ಲ ಅನ್ನೋದೊಂದು ಬಿಟ್ಟು. ದೊಡ್ಡ ಬೆಕ್ಕಾದ್ರೆ ಇನ್ನೊಂದು ಹೊತ್ತು ನೋಡೋಣ ಅನ್ನಬಹುದು. ಇದು ಎರಡು ಕೆಜಿನೂ ಇಲ್ಲ. ಮೈಯಲ್ಲಿ ಏನು ಕೂಡಿಟ್ಟಿರುತ್ತೆ, ಕರಗಿಸಿಕೊಂಡು ಕೂರೋಕೆ?” ಎನ್ನುತ್ತಾರೆ ಟೈಲರಮ್ಮ. ಡಾಕ್ಟರಮ್ಮ ಗಡುವು ಕೊಟ್ಟಿದ್ದಾರೆ. ಮಧ್ಯಾಹ್ನ ಹನ್ನೆರಡರೊಳಗೆ ಮರಿ ತಾನಾಗಿ ನಾಲ್ಕು ತುತ್ತು ತಿನ್ನಬೇಕು. ಇಲ್ಲದಿದ್ದರೆ ವಾಪಸ್ಸು ಆಸ್ಪತ್ರೆ, ಕಾಲಿಗೆ ಸೂಜಿ, ಡ್ರಿಪ್.

ಈ ಮನೆಯೊಳಗೆ ನಿಂತು ನೋಡಿದರೆ ಮೊದಲು ಏನೋ ಇಲ್ಲ ಅನ್ನಿಸುತ್ತದೆ. ಏನಿಲ್ಲ ಎಂದು ತಿಳಿಯಲು ತುಸು ಹೊತ್ತು ಬೇಕು. ಇಲ್ಲಿ ಎತ್ತರವಿಲ್ಲ. ಮಂಚದ ನಾಲ್ಕೂ ಕಾಲು ಗರಗಸಕ್ಕೆ ಆಹುತಿಯಾಗಿ, ಹಾಸಿಗೆ ನೆಲದಿಂದ ಅಂಗೈಯಷ್ಟೇ ಮೇಲಿದೆ. ಕುರ್ಚಿಗಳು ಹಿಂದಿನ ಕೋಣೆಗೆ ಗಡೀಪಾರಾಗಿವೆ. ಕಿಟಕಿಯ ಕಟ್ಟೆಗೆ ಓರೆಯಾಗಿ ಹಲಗೆ ಹೊಡೆಸಿದ್ದಾರೆ, ಹತ್ತಿದರೂ ಕಾಲು ನಿಲ್ಲಬಾರದು. ಹೊಲಿಗೆಯ ಮೆಷಿನ್ನೂ ನೆಲದ ಮೇಲೇ ಇದೆ. ಅದು ಒಂದು ಕಾಲದಲ್ಲಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕಾಲಿನಿಂದ ತುಳಿಯುತ್ತಿದ್ದ ಮೆಷಿನ್ನು. ಈಗ ಚಕ್ಕಳಮಕ್ಕಳ ಕೂತು ಕೈಯಿಂದ ತಿರುಗಿಸುವ ಮೆಷಿನ್ನು.

“ನಮ್ಮನೇಲಿ ಎತ್ತರಕ್ಕಿರೋದು ಅಂದ್ರೆ ನಾನೊಬ್ಬನೇ. ಯಾವತ್ತು ನನ್ನ ಕಾಲಿಗೂ ಗರಗಸ ಇಡ್ತಾಳೋ ಅಂತ ಭಯ,” ಎಂದು ನಗುತ್ತಾರೆ ಅವರ ಯಜಮಾನರು. ಸಿಟಿ ಬಸ್ಸಿನ ಡ್ರೈವರ್, ಆರಡಿ ಆಳು.

ಕೆಲಸ ಶುರುವಾದದ್ದು ಏಳು ವರ್ಷದ ಹಿಂದೆ. ಆಗಷ್ಟೇ ಆಸ್ಪತ್ರೆ ತೆರೆದಿದ್ದ ಡಾಕ್ಟರಮ್ಮ, ಆಪರೇಷನ್ ಆದ ಬೆಕ್ಕುಗಳಿಗೆ ಅಂಗಿ ಹೊಲಿದುಕೊಡುವಿರಾ ಎಂದು ಕೇಳಿಕೊಂಡು ಬಂದರು. ಕುತ್ತಿಗೆಗೆ ಪ್ಲಾಸ್ಟಿಕ್ಕಿನ ಬುಟ್ಟಿ ಕಟ್ಟಿದರೆ ಮರಿಗಳು ಗೋಡೆಗೆಲ್ಲ ಡಿಕ್ಕಿ ಹೊಡೆದು ಗಾಬರಿಯಾಗುತ್ತಿದ್ದವು. ಟೈಲರಮ್ಮ ಮೊದಲು ಗುಂಡಿಯಿಟ್ಟು ಹೊಲಿದರು, ಮರಿ ಗುಂಡಿಯನ್ನೇ ಕಡಿಯಿತು. ಸ್ನೇಹಿತೆಯೊಬ್ಬಳ ಮಾತು ಕೇಳಿ ಎಲಾಸ್ಟಿಕ್ ಹಾಕಿದರು, ತೊಡೆ ಒತ್ತಿತು. ಕೊನೆಗೆ ಹಳೆಯ ಬನಿಯನ್ನಿನ ತೋಳು ಕತ್ತರಿಸಿ, ಕಾಲಿಗೆ ನಾಲ್ಕು ಕಿಂಡಿ ಬಿಟ್ಟು, ಬೆನ್ನ ಮೇಲೆ ದಾರ ಕಟ್ಟುವ ಹಾಗೆ ಮಾಡಿದರು. ಅದು ಕೂತಿತು. ಅಳತೆಗೆಂದು ಮನೆಗೆ ಬಂದ ಮರಿಯನ್ನು ತೋರಿಸಿ ಅದರ ಮನೆಯವರು, “ನಮ್ಮಲ್ಲಿ ನಾಯಿ ಇದೆ, ಹತ್ತು ದಿನ ನೀವೇ ಇಟ್ಕೊಳ್ತೀರಾ?” ಎಂದರು. ಆ ಹತ್ತು ದಿನ ಇನ್ನೂ ಮುಗಿದಿಲ್ಲ.

ಮನೆಯಲ್ಲಿ ನಾಯಿ ಇರುವವರು, ತೊಟ್ಟಿಲಲ್ಲಿ ಕೂಸಿರುವವರು, ದಿನವಿಡೀ ಅಂಗಡಿಯಲ್ಲೇ ಇರುವವರು ಇವರ ಹತ್ತಿರ ಬಿಡುತ್ತಾರೆ. ಮೀಸೆ ನೂರಾ ಅರವತ್ಮೂರನೆಯದು. ಒಂದು ಮರಿಗೆ ದಿನಕ್ಕೆ ಐದು ಸಲ ಚೂರುಚೂರು ಊಟ, ಎರಡು ಸಲ ಗಾಯದ ತಪಾಸಣೆ, ನಾಲ್ಕು ಸಲ ಪೇಪರ್ ಬದಲಾವಣೆ, ಒಗೆದು ಒಣಗಿಸಿದ ಎರಡು ಅಂಗಿ. ಮಣ್ಣಿನ ಪುಡಿ ಗಾಯಕ್ಕೆ ಮೆತ್ತಿಕೊಳ್ಳಬಾರದೆಂದೇ ಪೇಪರ್. ನೀರು ಸೋಕಿಸುವ ಹಾಗಿಲ್ಲ, ಹೊಟ್ಟೆಗೆ ಕೈ ಕೊಟ್ಟು ಎತ್ತುವ ಹಾಗಿಲ್ಲ, ನೋವಿಗೆಂದು ಮನುಷ್ಯರ ಮಾತ್ರೆಯಂತೂ ಮುಟ್ಟಿಸುವ ಹಾಗೇ ಇಲ್ಲ. ಈ ನಡುವೆ ಟೈಲರಮ್ಮನ ಮಂಡಿಗಳು ಮುಷ್ಕರ ಹೂಡಿವೆ. ಕೈಮೆಷಿನ್ನಿನಲ್ಲಿ ಹೊಲಿಗೆ ನಿಧಾನ. ಬಟ್ಟೆಗೆ ಬೆಕ್ಕಿನ ಕೂದಲು ಅಂಟಿದೆ ಎಂದು ಹಳೆಯ ಗಿರಾಕಿಗಳಿಬ್ಬರು ಬೇರೆ ಟೈಲರ್ ನೋಡಿಕೊಂಡಿದ್ದಾರೆ.

ಗೋಡೆಯ ಮೇಲೆ ಒಂದು ಉದ್ದನೆಯ ಬಟ್ಟೆಯ ಪಟ್ಟಿ ತೂಗುತ್ತದೆ. ಗಾಯ ಮಾಗಿ ಮನೆಗೆ ಹೋದ ಒಂದೊಂದು ಮರಿಗೂ ಅದರ ಬಣ್ಣದ ಒಂದೊಂದು ಗುಂಡಿ. ನೂರಾ ಅರವತ್ತೆರಡು ಗುಂಡಿಗಳಲ್ಲಿ ಬೂದು ಬಣ್ಣದ್ದೊಂದನ್ನು ಮಾತ್ರ ಕೆಂಪು ದಾರದಲ್ಲಿ ಹೊಲಿದಿದ್ದಾರೆ. ಅದೇನೆಂದು ಕೇಳಿದರೆ ಟೈಲರಮ್ಮ ಆ ಗುಂಡಿಯನ್ನು ಬೆರಳಿನಿಂದ ಸವರಿ ಹೇಳುತ್ತಾರೆ.

“ಎರಡನೇ ವರ್ಷದ ಮಾತು. ಆಗ ಕಾಲ್ಮೆಷಿನ್ ಇತ್ತು. ನಾಲ್ಕನೇ ದಿನ ಇದೆಯಲ್ಲ, ಅದು ಬಲು ಮೋಸದ ದಿನ. ನೋವು ಹೋಗಿರುತ್ತೆ, ಗಾಯ ಹೋಗಿರಲ್ಲ. ನನ್ನ ಕುತ್ತಿಗೇಲಿ ಟೇಪು ನೇತಾಡ್ತಿತ್ತು. ಆ ಬೂದಿಮರಿ ನೆಲದಿಂದ ಒಂದೇ ನೆಗೆತಕ್ಕೆ ಮೆಷಿನ್ ಮೇಲೆ! ನಾನು ತಡೀಬೇಕಿತ್ತು. ಚಪ್ಪಾಳೆ ತಟ್ಟಿ ನಕ್ಕೆ. ‘ಅಬ್ಬಾ, ಏನು ಹಾರ್ತೀಯೆ’ ಅಂತ ಟೇಪು ಇನ್ನೂ ಮೇಲೆ ಎತ್ತಿ ಹಿಡಿದೆ. ಇನ್ನೊಂದು ಸಲ ಹಾರ್ತು. ಇಳಿದಾಗ ಅಂಗಿ ಒದ್ದೆಯಾಗಿತ್ತು.”

ಹೊಲಿಗೆ ಬಿಟ್ಟಿತ್ತು. ಮತ್ತೆ ಆಪರೇಷನ್ ಟೇಬಲ್, ಮತ್ತೆ ಹತ್ತು ದಿನ. ಮರಿ ಉಳಿಯಿತು. ಅದು ಮನೆಗೆ ಹೋದ ಮರುದಿನವೇ ಟೈಲರಮ್ಮ ಬಡಗಿಯನ್ನು ಕರೆಸಿದರು. “ಆವತ್ತಿಂದ ಒಂದೂ ಮರಿ ಹಾರಿದ್ದನ್ನ ನಾನು ನೋಡಿಲ್ಲ. ನೋಡೋ ಹಾಗೂ ಇಲ್ಲ,” ಎನ್ನುತ್ತಾರೆ. ಕೈಯಿಂದ ಚಕ್ರ ತಿರುಗಿಸುವಾಗ ಈಗಲೂ ಅವರ ಬಲಗಾಲು ಸೀರೆಯೊಳಗೆ ಇಲ್ಲದ ಪೆಡಲನ್ನು ತುಳಿಯುತ್ತಿರುತ್ತದೆ.

ಗಂಟೆ ಒಂಬತ್ತು. ಬೇಯಿಸಿದ ಕೋಳಿಯ ಎಳೆಯನ್ನು ಬೆಚ್ಚಗೆ ಮಾಡಿ ಮೂಗಿನ ಮುಂದೆ ಹಿಡಿದದ್ದಾಯಿತು. ಬೆರಳಿಗೆ ಸವರಿ ತುಟಿಗೆ ಮುಟ್ಟಿಸಿದ್ದಾಯಿತು. ಬಟ್ಟಲು ಬದಲಿಸಿ, ಅಂಗೈಯಲ್ಲಿಟ್ಟು, ಕೊನೆಗೆ ತಾವೇ ನೆಲಕ್ಕೆ ಗಲ್ಲ ಊರಿ ಮಲಗಿ ಕರೆದದ್ದೂ ಆಯಿತು. ಮೀಸೆ ಗೋಡೆಗೆ ಮುಖ ಮಾಡಿ ಮಲಗಿದೆ, ಸೊಸೆ ಮುನಿಸಿಕೊಂಡ ಹಾಗೆ.

ಪಕ್ಕದ ಮನೆಯ ನಾದಿನಿ ಕಿಟಕಿಯಿಂದ ಇಣುಕುತ್ತಾರೆ. “ಏನತ್ತಿಗೆ, ಹೆತ್ತವರಿಗೆ ಬಾಣಂತನ ಮಾಡೋದು ಕೇಳಿದೀನಿ. ಇನ್ನು ಹೆರೋದೇ ಇಲ್ಲ ಅನ್ನೋರಿಗೆ ಬಾಣಂತನ ಮಾಡೋದು ನಿಮ್ಮನೇಲೇ ನೋಡಿದ್ದು.”

“ಹೆರೋರಿಗೆ ಎಲ್ಲರೂ ಇರ್ತಾರಮ್ಮ. ಇವಕ್ಕೆ ಯಾರಿದ್ದಾರೆ?” ಎಂದು ಟೈಲರಮ್ಮ ತಿರುಗಿಯೂ ನೋಡದೆ ಸೆಲೂನಿಗೆ ಫೋನ್ ಹಚ್ಚುತ್ತಾರೆ. “ಅಲ್ಲಪ್ಪ, ನಿನ್ನ ಅಂಗಡೀಲಿ ಇದಕ್ಕೆ ಊಟ ಯಾವಾಗ ಹಾಕ್ತೀಯ?”

“ಮೊದಲನೇ ಗಿರಾಕಿ ತಲೆಗೆ ಕತ್ತರಿ ಇಟ್ಟ ಮೇಲೇ ಅಕ್ಕ. ಕತ್ತರಿ ಸದ್ದು ಕೇಳಿದ್ರೆ ಬಟ್ಟಲ ಹತ್ರ ಬಂದು ಕೂರುತ್ತೆ. ಅದಕ್ಕೆ ಮುಂಚೆ ಏನಿಟ್ರೂ ಮೂಸಲ್ಲ. ಯಾಕೆ, ಇನ್ನೂ ತಿಂದಿಲ್ವಾ?” ಅತ್ತಲಿನ ದನಿ ಸಣ್ಣಗಾಗುತ್ತದೆ. ಈ ಮರಿಯ ತಾಯಿ ನಿಂತ ವಾಹನಗಳ ಕೆಳಗೆ ವರ್ಷಕ್ಕೆ ಮೂರು ಸೂಲು ಹೆತ್ತರೂ ಉಳಿದದ್ದು ಇದೊಂದೇ. ಇದಕ್ಕೆ ಆ ಪಾಡು ಬೇಡವೆಂದೇ ಅವನು ಆಪರೇಷನ್ ಮಾಡಿಸಿದ್ದು.

ಕತ್ತರಿ ತಾನೇ, ಟೈಲರ್ ಮನೆಯಲ್ಲಿ ಅದಕ್ಕೇನು ಬರ? ಟೈಲರಮ್ಮ ತಮ್ಮ ದೊಡ್ಡ ಕತ್ತರಿಯನ್ನು ತಂದು ಗಾಳಿಯಲ್ಲಿ ಆಡಿಸುತ್ತಾರೆ. ಕರಕ್, ಕರಕ್. ಮೀಸೆಯ ಒಂದು ಕಿವಿ ಹಿಂದಕ್ಕೆ ತಿರುಗಿ, ವಾಪಸ್ಸು ಮುಂದಕ್ಕೆ ಹೋಗುತ್ತದೆ. ಬಟ್ಟೆ ಕತ್ತರಿಗೂ ಕೂದಲು ಕತ್ತರಿಗೂ ವ್ಯತ್ಯಾಸ ಗೊತ್ತಿಲ್ಲದ ದಡ್ಡಿಯೇ ಅದು?

ಹತ್ತೂಮುಕ್ಕಾಲಿಗೆ ಸೆಲೂನಿನವನೇ ಏದುಸಿರು ಬಿಡುತ್ತ ಬಾಗಿಲಲ್ಲಿ ನಿಂತಿದ್ದಾನೆ. ಕೈಯಲ್ಲಿ ಬಾಚಣಿಗೆ, ಜೇಬಲ್ಲಿ ಕತ್ತರಿ. “ಒಬ್ಬ ಗಿರಾಕೀನ ಅರ್ಧ ತಲೇಲಿ ಕೂರಿಸಿ ಬಂದಿದೀನಿ ಅಕ್ಕ. ಎದ್ದು ಹೋಗೋ ಹಾಗೂ ಇಲ್ಲ ಪಾಪ.” ಮಂಡಿಯೂರಿ ಒಳಗೆ ಬಂದು ಕತ್ತರಿ ಆಡಿಸುತ್ತಾನೆ. ಕಿಚಿಕಿಚಿ, ಕಿಚಿಕಿಚಿ. ಮೀಸೆ ತಲೆಯೆತ್ತುತ್ತದೆ, ಅವನನ್ನು ನೋಡುತ್ತದೆ, ಸುತ್ತಮುತ್ತ ನೋಡುತ್ತದೆ. ಮತ್ತೆ ತಲೆ ಕೆಳಗೆ.

“ಗಿರಾಕಿ ಎಲ್ಲಿ ಅಂತ ನೋಡ್ತಿದೆ. ಬರೀ ಕತ್ತರಿ ಆಡಿಸಿದ್ರೆ ನಂಬಲ್ಲ ಇದು,” ಎನ್ನುತ್ತಾನೆ ಸೆಲೂನಿನವನು.

ಮಧ್ಯಾಹ್ನದ ಪಾಳಿಗೆ ಯೂನಿಫಾರ್ಮ್ ಹಾಕಿಕೊಂಡು ಹೊರಟಿದ್ದ ಯಜಮಾನರು ಬಾಗಿಲ ಬಳಿ ಬರುವುದಕ್ಕೂ ಟೈಲರಮ್ಮ ತಿರುಗುವುದಕ್ಕೂ ಸರಿಹೋಗುತ್ತದೆ.

“ರೀ, ಕೂತ್ಕೊಳ್ಳಿ.”

“ಲೇ, ನನ್ನ ತಲೇಲಿರೋದೇ ನಾಲ್ಕು ಕೂದಲು!”

“ಇರೋದ್ರಲ್ಲೇ ಮಾಡ್ತೀನಿ ಬನ್ನಿ ಭಾವ,” ಎನ್ನುತ್ತಾನೆ ಸೆಲೂನಿನವನು.

ಆರಡಿ ಆಳು ನೆಲದ ಮೇಲೆ ಕಾಲು ಮಡಿಚಿ ಕೂರುತ್ತಾರೆ. ಕೂದಲ ಚೂರು ಹಾರಿ ಗಾಯದ ಹತ್ತಿರ ಹೋಗದಿರಲೆಂದು ಟೈಲರಮ್ಮ ಅವರನ್ನು ಎದುರಿನ ಮೂಲೆಗೆ ಸರಿಸಿ, ಕೊರಳ ಸುತ್ತ ಬೆಡ್‌ಶೀಟ್ ಬಿಗಿಯುತ್ತಾರೆ. ಕೊರಳಿಗೆ ಬಟ್ಟೆ, ಬಗ್ಗಿಸಿದ ತಲೆ, ಕಿವಿಯ ಹಿಂದೆ ಕಿಚಿಕಿಚಿ. ಕಿಟಕಿಯಲ್ಲಿ ನಾದಿನಿಯ ದನಿ: “ಹೆರದವರಿಗೆ ಬಾಣಂತನ, ಬೋಳು ತಲೆಗೆ ಕಟಿಂಗು. ಅಣ್ಣಾ, ಇನ್ನೂ ಏನೇನು ನೋಡ್ಬೇಕೋ ಈ ಮನೇಲಿ!”

“ಶ್,” ಎನ್ನುತ್ತಾರೆ ಟೈಲರಮ್ಮ.

ಮೀಸೆ ಎದ್ದಿದೆ. ಬನಿಯನ್ ಅಂಗಿಯಲ್ಲಿ ಬೆನ್ನು ಗೂನು ಮಾಡಿಕೊಂಡು, ಒಂದೊಂದೇ ಹೆಜ್ಜೆ ಇಟ್ಟು ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ಕತ್ತರಿಯ ಕಡೆ ನೋಡುತ್ತದೆ, ಬಗ್ಗಿದ ತಲೆಯ ಕಡೆ ನೋಡುತ್ತದೆ. ಎಲ್ಲ ಕ್ರಮಬದ್ಧವಾಗಿದೆ ಎಂದು ಖಾತರಿಯಾದ ಮೇಲೆ ಬಟ್ಟಲಿನ ಮುಂದೆ ಕೂರುತ್ತದೆ. ಒಂದು ತುತ್ತು. ಎರಡು. ಕತ್ತರಿ ನಿಲ್ಲುವುದಿಲ್ಲ. ಐದನೆಯ ತುತ್ತಿಗೆ ಟೈಲರಮ್ಮ ಫೋನ್ ತೆಗೆದುಕೊಳ್ಳುತ್ತಾರೆ. ಗಂಟೆ ಹನ್ನೊಂದೂಕಾಲು. “ಡಾಕ್ಟರಮ್ಮ, ತಿಂತು.” ಅಷ್ಟೇ ಹೇಳಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಯಜಮಾನರ ನಾಲ್ಕು ಕೂದಲಲ್ಲಿ ಎರಡು ಉಳಿದಿವೆ. ಅರ್ಧ ತಲೆಯವನ ನೆನಪಾಗಿ ಸೆಲೂನಿನವನು ಓಡುತ್ತಾನೆ. ಸ್ವಲ್ಪ ಹೊತ್ತಿಗೆ ನಾದಿನಿ ತಾವಾಗಿಯೇ ಪೊರಕೆ ಹಿಡಿದು ಬಂದು ಕೂದಲು ಗುಡಿಸಿ ಹೋಗುತ್ತಾರೆ.

ಮರಿ ಗುಣವಾದ ಮೇಲೆ ಜನ ಹಣ್ಣು ಹಿಡಿದುಕೊಂಡು ಹೋಗುವುದು ಆಸ್ಪತ್ರೆಗೆ. ಇಲ್ಲಿಗೆ ಬುಟ್ಟಿ ಹಿಡಿದು ಬರುತ್ತಾರೆ, ಮರಿ ತೆಗೆದುಕೊಂಡು ಹೋಗುತ್ತಾರೆ. ಟೈಲರಮ್ಮನಿಗೆ ಅದರ ಬೇಸರವಿಲ್ಲ. “ನನ್ನನ್ನ ಆ ಮರಿನೂ ನೆನಪಿಟ್ಕೋಬಾರದು. ನೋವಿನ ದಿನದಲ್ಲಿ ನೋಡಿದ ಮುಖ ಅಲ್ವಾ?” ಹಾಗಾದರೆ ಆಸೆಯೇ ಇಲ್ಲವೇ ಎಂದರೆ ನಾಚಿಕೊಂಡು ಹೇಳುತ್ತಾರೆ: “ಒಂದು ಸಲ, ಹೊಲಿಗೆ ಬಿಚ್ಚಿದ ಮೇಲೆ, ಒಂದು ಮರಿ ಹಾರೋದನ್ನ ನೋಡ್ಬೇಕು. ಹೆದರದೆ ನೋಡ್ಬೇಕು.”

ಈ ಮಾತು ಸೆಲೂನಿನವನ ಕಿವಿಗೂ ಬಿದ್ದಿರಬೇಕು. ಹತ್ತನೆಯ ದಿನ ಡಾಕ್ಟರಮ್ಮ ನಾಲ್ಕೂ ಹೊಲಿಗೆ ಬಿಚ್ಚಿ ಬೆನ್ನು ತಟ್ಟಿದಾಗ ಅವನು ಬುಟ್ಟಿ ಹಿಡಿದು ಬರಲಿಲ್ಲ. “ಅಕ್ಕಾ, ಈ ಸಲ ನೀವೇ ಅಂಗಡಿಗೆ ತಂದುಬಿಡಿ,” ಎಂದು ಫೋನ್ ಮಾಡಿದ.

ಈಗ ಟೈಲರಮ್ಮ ಸೆಲೂನಿನ ಬೆಂಚಿನ ತುದಿಯಲ್ಲಿ, ಪೇಪರ್ ಓದುತ್ತಿರುವ ಇಬ್ಬರು ಗಂಡಸರ ಪಕ್ಕ, ಖಾಲಿ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾರೆ. ಮೀಸೆ ನೆಲ ಮೂಸುತ್ತದೆ, ಕುರ್ಚಿಯ ಕಾಲಿಗೆ ಕೆನ್ನೆ ಉಜ್ಜುತ್ತದೆ. ತಲೆಯೆತ್ತಿ ಮೇಲೆ ನೋಡುತ್ತದೆ. ಸೊಂಟ ಅಲ್ಲಾಡಿಸುತ್ತದೆ.

“ಬೇಡ, ಬೇಡ...” ಟೈಲರಮ್ಮ ಅರ್ಧ ಎದ್ದೇಬಿಡುತ್ತಾರೆ, ಎರಡೂ ಕೈ ಮುಂದಕ್ಕೆ ಚಾಚಿರುತ್ತವೆ.

“ಬಿಡಿ ಅಕ್ಕ. ಅದು ಅದರ ಜಾಗ,” ಎನ್ನುತ್ತಾನೆ ಸೆಲೂನಿನವನು.

ನೆಲದಿಂದ ಕುರ್ಚಿ, ಕುರ್ಚಿಯಿಂದ ಬಾಚಣಿಗೆಯ ಕಟ್ಟೆ, ಅಲ್ಲಿಂದ ಒಂದೇ ನೆಗೆತಕ್ಕೆ ಕನ್ನಡಿಯ ಮೇಲಿನ ಹಲಗೆ. ಅಷ್ಟೆತ್ತರದಲ್ಲಿ ಮೀಸೆ ಬಾಲ ಸುತ್ತಿಕೊಂಡು ಕೂತು ಹೊಟ್ಟೆಯನ್ನು ನೆಕ್ಕಿಕೊಳ್ಳತೊಡಗುತ್ತದೆ. ಈಗ ನೆಕ್ಕಿಕೊಳ್ಳಬಹುದು. ಟೈಲರಮ್ಮ ಚಾಚಿದ ಕೈಗಳನ್ನು ನಿಧಾನವಾಗಿ ಬುಟ್ಟಿಯ ಮೇಲಿಟ್ಟುಕೊಂಡು ಕತ್ತೆತ್ತಿ ನೋಡುತ್ತಾರೆ. ಮೂವತ್ತು ವರ್ಷ ಅಳತೆ ತೆಗೆದ ಕಣ್ಣು, ಟೇಪು ಬೇಕಿಲ್ಲ.

“ಏಳೂವರೆ ಅಡಿ,” ಎನ್ನುತ್ತಾರೆ. ಆಮೇಲೆ, ಪಕ್ಕದಲ್ಲಿ ಪೇಪರ್ ಓದುತ್ತಿದ್ದವರಿಗೆ ಕೇಳಿಸಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ: “ಹೊಲಿಗೆ ನಂದಲ್ಲಪ್ಪ, ಡಾಕ್ಟರಮ್ಮಂದು. ಆ ಎತ್ತರ ಇದೆಯಲ್ಲ, ಅದರಲ್ಲಿ ಒಂದೆರಡು ಗೇಣು ಮಾತ್ರ ನಂದು.”