ಗಾಳಿ ಸೋಕದಂತೆ ಕಾಯುವ ಚಿಕ್ಕಬಸಮ್ಮ

ಯಳಂದೂರಿನ ಅಂಚಿನಲ್ಲಿ ಇನ್ನೂ ಮಬ್ಬುಗತ್ತಲು. ಮುಚ್ಚಿಹೋದ ಕಾರ್ಖಾನೆಯೊಂದರ ಹಿಂದಿನ ಹಳ್ಳದಲ್ಲಿ ಚಿಕ್ಕಬಸಮ್ಮ ಸೀರೆ ಎತ್ತಿ ಕಟ್ಟಿ ಮೊಣಕಾಲುದ್ದದ ಕೆಸರಿಗೆ ಇಳಿದಿದ್ದಾರೆ. ಗಾಜಿನ ಸೀಸೆಯನ್ನು ಕಪ್ಪು ರಾಡಿಯೊಳಗೇ ಮುಳುಗಿಸಿ, ಕಂಠಮಟ್ಟ ತುಂಬಿಸಿ, ಅಲ್ಲೇ ರಬ್ಬರ್ ಬಿರಡೆ ಒತ್ತುತ್ತಾರೆ.

"ಒಂದ್ ಗುಳ್ಳೆ ಗಾಳಿ ಸೇರ್ಕಂಡ್ರೂ ಸತ್ತೋಯ್ತವೆ ಕಣ್ರಿ. ನಮ್ಗೆ ಉಸ್ರು ಕೊಡೋ ಗಾಳಿ ಅವ್ಕೆ ಇಸ" ಎಂದು ನಗುತ್ತಾರೆ.

'ಅವು' ಅಂದರೆ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಯಂತ್ರಗಳ ಜಿಡ್ಡು ತೊಳೆಯಲು ಕಾರ್ಖಾನೆ ಬಳಸುತ್ತಿದ್ದ ಕ್ಲೋರಿನ್ ಬೆರೆತ ದ್ರಾವಣ ನೆಲಕ್ಕಿಳಿದು ಚಿಕ್ಕಬಸಮ್ಮನ ಬೀದಿಯ ಕೈಪಂಪಿನ ನೀರನ್ನೂ ಕೆಡಿಸಿತು. ಯಾರೂ ಕುಡಿಯದಿರಲೆಂದು ಪಂಪಿನ ಹಿಡಿಯನ್ನೇ ಕಳಚಿದರು. ಆ ವಿಷದಿಂದಲೇ ಬದುಕುವ ಜೀವಿಗಳನ್ನು ಹುಡುಕುತ್ತ ಬಂದವರು ಕೊಳ್ಳೇಗಾಲದ ಪುಟ್ಟ ಪ್ರಯೋಗಾಲಯದ ಸಂಶೋಧಕಿ ಪವಿತ್ರ. ಅವರಿಗೆ ಕೆಸರೆತ್ತಿಕೊಡಲು ಹೋದ ಚಿಕ್ಕಬಸಮ್ಮ ಆ ಪ್ರಯೋಗಾಲಯದಲ್ಲೇ ಸಹಾಯಕಿಯಾಗಿ ಉಳಿದರು.

ಮೊದಮೊದಲು ತಂದ ಸೀಸೆಗಳೆಲ್ಲ ಗುಲಾಬಿ ಬಣ್ಣಕ್ಕೆ ತಿರುಗಿದವು. ಗಾಳಿ ಹೊಕ್ಕರೆ ಗೊತ್ತಾಗಲೆಂದು ಬೆರೆಸಿದ್ದ ಬಣ್ಣ ಅದು. ಪವಿತ್ರ ತಲೆಮೇಲೆ ಕೈಹೊತ್ತು ಕೂತರು. ಆಮೇಲೆ ಇಬ್ಬರೂ ಬಕೆಟ್ ನೀರಿನಲ್ಲಿ ಸೀಸೆ ಮುಳುಗಿಸಿ ಬಿರಡೆ ಹಾಕುವುದನ್ನು ಕೈಗೆ ರೂಢಿ ಮಾಡಿಕೊಂಡರು.

ಬಸ್ಸಿನಲ್ಲಿ ಸೀಸೆಗಳು ಚಿಕ್ಕಬಸಮ್ಮನ ಮಡಿಲಲ್ಲೇ ಇರುತ್ತವೆ. "ಏನಮ್ಮೋ, ಉಪ್ಪಿನಕಾಯಾ?" ಎಂದು ಕಂಡಕ್ಟರ್ ರೇಗಿಸುತ್ತಾನೆ. "ಮಕ್ಳು ಕಣಪ್ಪ, ಮಲಗವೆ. ಮೆಲ್ಲುಕ್ ಓಡ್ಸಕ್ಕೇಳು!"

ಕೊನೆಗೂ ಮಕ್ಕಳು ಬದುಕಿದವು. ಆದರೂ ಆತಂಕ ಉಳಿದಿತ್ತು. ಕೆಲವು ಜಾತಿಯವು ವಿಷವನ್ನು ಅರ್ಧ ಒಡೆದು ಕೈಬಿಡುತ್ತವೆ; ಆಗ ಉಳಿಯುವುದು ಇನ್ನೂ ಕೆಟ್ಟ ವಿಷ. ಕೆಲಸ ಪೂರ್ತಿ ಮುಗಿಸುವ ಗುಣ ಇವಕ್ಕಿದೆಯೇ ಎಂದು ತಿಳಿಯಲು, ನಾಲ್ಕೇ ಅಕ್ಷರಗಳಲ್ಲಿ ಬರೆದಂತಿರುವ ಅವುಗಳ ಡಿಎನ್‌ಎಯನ್ನು ಅಕ್ಷರ ಬಿಡದೆ ಓದಬೇಕಿತ್ತು. ಫಲಿತಾಂಶ ಬಂದ ಬೆಳಿಗ್ಗೆ ಪವಿತ್ರ ಕಂಪ್ಯೂಟರ್ ಮುಂದೆಯೇ ಕೂಗಿಕೊಂಡರು: "ಬಸಮ್ಮಾ, ಇದೆ! ಪೂರ್ತಿ ಮುಗಿಸೋ ಜೀನ್ ಇದೆ!"

"ನಾಕೇ ಅಕ್ಸರ ಐತಲ್ಲವ್ವಾ, ಅದ್ರಲ್ಲೆಲ್ಲೈತೆ?" ಎನ್ನುತ್ತ ಪರದೆಗೆ ಕಣ್ಣು ಕೀಲಿಸಿದ ಚಿಕ್ಕಬಸಮ್ಮ, ಪವಿತ್ರ ಬಿಡಿಸಿ ಹೇಳಿದ್ದೇ ಅವರನ್ನು ತಬ್ಬಿಕೊಂಡು ಕುಣಿದೇಬಿಟ್ಟರು.

ಈಗ ಪ್ರಯೋಗಾಲಯದಲ್ಲಿ ಅದೇ ಕೈಪಂಪಿನ ಕೊಳವೆಯಿಂದ ಎತ್ತಿದ ನೀರನ್ನು ಇವುಗಳಿಗೆ ಒಪ್ಪಿಸಲಾಗಿದೆ. ವಿಷ ಇಳಿಯುತ್ತಿದೆ. ನೆಲದಾಳದಲ್ಲೂ ಇವು ಹೀಗೇ ಕೆಲಸ ಮಾಡುತ್ತವೆಯೇ ಎಂಬ ಪರೀಕ್ಷೆ ಇನ್ನೂ ಆಗಬೇಕು.

ಈ ತಳಿಗೆ ಚಿಕ್ಕಬಸಮ್ಮನ ಹೆಸರಿಡುವ ಆಸೆ ಪವಿತ್ರ ಅವರದು. ಚಿಕ್ಕಬಸಮ್ಮ ಒಪ್ಪುವುದಿಲ್ಲ.

"ನನ್ನೆಸ್ರು ಬ್ಯಾಡ, ಊರೆಸ್ರು ಇಡಿ ಅಂದಿವ್ನಿ. ನೀರ್ ಕೆಡ್ಸಿದ್ದು ಎಲ್ಲಿಂದ್ಲೋ ಬಂದೋರು. ಸರಿ ಮಾಡ್ತಾ ಇರೋವು ನಮ್ಮೂರ್ ಕೆಸ್ರಲ್ಲೇ ಉಟ್ದವು. ಅದು ನಾಕ್ ಜನುಕ್ ಗೊತ್ತಾಗ್ಲಿ."